ಅಫೀಮು ತಿನ್ನುವವನೆಂಬ ಷರಾ

ಹುನಗುಂದದ ಪೊಲೀಸು ಚಾವಡಿಯ ಕಟ್ಟೆಯ ಮೇಲೆ ಕೂತು ಎಷ್ಟು ಹೊತ್ತಾಯಿತೆಂದು ಮುರ್ತುಜಸಾಬನಿಗೆ ತಿಳಿಯಲಿಲ್ಲ. ಬಂದಾಗ ಬಿಸಿಲು ಅವನ ಪಾದದಿಂದ ಗೇಣು ದೂರವಿತ್ತು. ಆಮೇಲೆ ಹೆಬ್ಬೆರಳಿಗೆ ತಾಕಿತು, ಪಾದ ಮುಚ್ಚಿತು, ಈಗ ಮೊಣಕಾಲಿನ ಹತ್ತಿರ ಬಂದಿದೆ. ಬಿಸಿಲು ಬಿದ್ದ ಕಾಲು ಸುಡುತ್ತಿರಬೇಕು ಎಂದುಕೊಂಡು ಅಂಗೈಯಿಂದ ಮುಟ್ಟಿ ನೋಡಿದ. ಅಂಗೈಗೆ ಬಿಸಿ ತಿಳಿಯಿತು. ಕಾಲಿಗೆ ಏನೂ ಅನ್ನಿಸಲಿಲ್ಲ. ವಿಜಾಪುರದ ಜೈಲಿನಿಂದ ಬಂದು ಎರಡು ವರ್ಷವಾಗುತ್ತ ಬಂದರೂ ಮೈ ಹೀಗೆಯೇ ಇದೆ. ಬೆಳಿಗ್ಗೆ ಇಳಕಲ್ಲಿನಿಂದ ಎಂಟು ಮೈಲಿ ನಡೆದು ಬರುವಾಗ ಕುಸುಬೆಯ ಮುಳ್ಳು ಹಿಮ್ಮಡಿಗೆ ಹೊಕ್ಕಿತ್ತು. ಮುಂದೆ ಟಪಾಲಿನ ಚೀಲ ಹೊತ್ತು ಓಡುತ್ತಿದ್ದ ಹುಲ್ಲಪ್ಪ ದಮ್ಮು ಹತ್ತಿ ನಿಂತು, ತಿರುಗಿ ನೋಡಿ, ರಕ್ತ ಬರುತ್ತಿದೆಯಲ್ಲೋ ಎಂದಾಗಲೇ ಅವನಿಗೆ ಗೊತ್ತಾದದ್ದು. ಹುಲ್ಲಪ್ಪ ಮೂವತ್ತು ವರ್ಷ ಇದೇ ದಾರಿಯಲ್ಲಿ ಗೆಜ್ಜೆ ಕಟ್ಟಿದ ಭರ್ಚಿ ಹಿಡಿದು ಓಡಿದವನು. ಈಗ ಅರ್ಧ ಮೈಲಿಗೆ ಒಮ್ಮೆ ಬದುವಿನ ಮೇಲೆ ಕೂಡುತ್ತಾನೆ. ತನ್ನ ದಮ್ಮನ್ನೆಲ್ಲ ಸರಕಾರಕ್ಕೆ ಕೊಟ್ಟೆನೆಂದೂ, ಇನ್ನು ಮುರ್ತುಜ ತನ್ನದನ್ನು ಕೊಡಬೇಕೆಂದೂ ಅವನ ಚೇಷ್ಟೆ.

ಹುಲ್ಲಪ್ಪನ ಜಾಗಕ್ಕೆ ಮುರ್ತುಜನನ್ನು ತೆಗೆದುಕೊಳ್ಳಲು ಟಪಾಲ ಮಾಸ್ತರನಿಗೆ ಅಡ್ಡಿ ಇರಲಿಲ್ಲ. ಈ ದಾರಿ ಅವನ ಕಾಲಿಗೆ ಗೊತ್ತಿದೆ; ನಾಲ್ಕು ಇಯತ್ತೆ ಕನ್ನಡ ಓದಿದ್ದಾನೆ; ಹಳ್ಳ ಬಂದರೆ ಈಜುತ್ತಾನೆ. ಶಿಕ್ಷೆಯಾದದ್ದು ತನಗೆ ಗೊತ್ತಿದೆ, ಶಿಕ್ಷೆ ಮುಗಿದಿದೆ ಎಂಬುದೂ ಗೊತ್ತಿದೆ ಎಂದು ಮಾಸ್ತರ ಮೊನ್ನೆ ಹೇಳಿದ್ದ. ಆದರೆ ಮೇಲಿನವರಿಗೆ ಹೆಸರು ಬರೆದು ಕಳಿಸುವಾಗ ಜೊತೆಗೆ ಪೊಲೀಸರ ನಡತೆಯ ಚೀಟಿ ಇರಲೇಬೇಕು. ಇಂದು ಸಂಜೆಯೊಳಗೆ ಚೀಟಿ ಬಂದರೆ ಇವನ ಹೆಸರು, ಇಲ್ಲದಿದ್ದರೆ ರಾಮಥಾಳದ ಒಬ್ಬನ ಹೆಸರು. ಮಾಸ್ತರ ಇದನ್ನು ಸಿಟ್ಟಿಲ್ಲದೆ, ಲಕೋಟೆಗೆ ಅಂಟು ಹಚ್ಚುತ್ತ ಹೇಳಿದ್ದ. ಕೆಲಸ ಕೊಡುವವರು ಯಾರೂ ಸಿಟ್ಟಿನಿಂದ ಮಾತಾಡಲಿಲ್ಲ. ಬಾಗಲಕೋಟೆಯ ಹತ್ತಿಯ ಕಾರಖಾನೆಯಲ್ಲಿ ಪಹರೆಗೆ ಕೇಳಲು ಹೋದಾಗ ದಿವಾನಜಿ ಚಹ ಕುಡಿಸಿ ಕಳಿಸಿದ. ಬಾದಾಮಿ ಸ್ಟೇಶನ್ನಿನಲ್ಲಿ ಹಳಿಗೆ ಕಲ್ಲು ತುಂಬುವ ಟೋಳಿಯ ಮುಕಾದಮ, ನಿನ್ನ ತೋಳು ಛಲೋ ಅವ ತಮ್ಮಾ, ಕಾಗದ ಛಲೋ ಇಲ್ಲ, ಎಂದು ಬೆನ್ನು ತಟ್ಟಿದ. ಬಾದಾಮಿಯಲ್ಲೇ ಮುರ್ತುಜನ ಹೆಂಡತಿ ಅಲೀಮಾ ಇದ್ದಳು, ಅವಳ ಅಣ್ಣ ಅಬ್ದುಲಸಾಬನ ಮನೆಯಲ್ಲಿ. ಕಲ್ಲಿನ ಖಣಿಯ ಪಕ್ಕದ ಆ ಮನೆಯ ಮುಂದೆ ಅವನು ಅರ್ಧ ತಾಸು ನಿಂತಿದ್ದ. ಅಬ್ದುಲಸಾಬ ಕಲ್ಲಿನ ಪುಡಿ ಹತ್ತಿದ ರೆಪ್ಪೆಗಳನ್ನು ಒರೆಸಿಕೊಳ್ಳುತ್ತ ಬಂದು, ಒಂದು ಕೆಲಸ ಹಿಡಿದು ಬಾ, ಅವತ್ತೇ ಕಳಿಸಿಕೊಡುತ್ತೇನೆ ಎಂದ. ಒಳಗೆ ಬಳೆಯ ಸಪ್ಪಳ ಕೇಳಿತ್ತು. ಅದು ಅವಳದೋ ಅತ್ತಿಗೆಯದೋ ಎಂದು ಆ ದಾರಿಯುದ್ದಕ್ಕೂ ಯೋಚಿಸಿ, ಗೊತ್ತಾಗದೆ ಬಿಟ್ಟುಬಿಟ್ಟಿದ್ದ.

ರಾಚಯ್ಯ ಬಂದ. ಐವತ್ತು ದಾಟಿದ ಕಾರಕೂನ. ಹಣೆಯಲ್ಲಿ ವಿಭೂತಿ, ಒಂದು ಕಿವಿಗೆ ದಾರದಿಂದ ಕಟ್ಟಿದ ಚಾಳೀಸಿನ ಕನ್ನಡಕ. ಬಂದವನೇ ನಶ್ಯ ಏರಿಸಿ, ಸೀನಿ, ಕಪಾಟಿನಿಂದ ಉದ್ದನೆಯ ರಿಜಿಸ್ಟರು ತೆಗೆದ. ಮುರ್ತುಜ ಬಾಗಿಲ ಹತ್ತಿರ ನಿಂತ. ಹಾಳೆಗಳು ತಿರುಗಿದವು. ಅಷ್ಟು ಹಾಳೆಗಳ ನಡುವೆ ತನ್ನದು ಸಿಗಲಾರದು ಎಂಬ ಆಸೆ ಒಂದು ಕ್ಷಣ ಬಂತು. ಸಿಕ್ಕಿತು. ರಾಚಯ್ಯ ಬೆರಳಿಟ್ಟು, ಗಮಕವಿಲ್ಲದ ದನಿಯಲ್ಲಿ ಓದಿದ: ಮುರ್ತುಜಸಾಬ ವಲ್ದ ಅಕ್ಬರಸಾಬ, ಉದ್ಯೋಗ ನೇಕಾರಿಕೆ, ಸಾಕೀನ ಇಳಕಲ್ಲ. ಸನ್ ಹತ್ತೊಂಬತ್ತುನೂರಾ ಆರು. ಪರವಾನಗಿ ಮೀರಿ ಎಂಟು ತೊಲೆ ಅಫೀಮು ಹತ್ತಿರ ಇಟ್ಟುಕೊಂಡದ್ದು. ಆರು ತಿಂಗಳು ಸಖ್ತ ಮಜೂರಿ. ಇಷ್ಟಕ್ಕೆ ನಿಲ್ಲುತ್ತದೆ ಎಂದು ಮುರ್ತುಜ ಉಸಿರು ಬಿಟ್ಟ. ರಾಚಯ್ಯನ ಬೆರಳು ಬಲಗಡೆಯ ಕೊನೆಯ ಕಾಲಮ್ಮಿಗೆ ಸರಿಯಿತು. ಅದು ಷರಾ ಬರೆಯುವ ಜಾಗ. "ಹಿಡಿಯುವ ಕಾಲಕ್ಕೆ ಸಿಪಾಯಿಯ ಸಮಕ್ಷಮ ಅಫೀಮಿನ ಉಂಡೆ ನುಂಗಿದನು. ತಾನು ತಿನ್ನುವವನೆಂದು ಕೋರ್ಟಿನಲ್ಲಿ ಕಬೂಲು ಮಾಡಿದನು. ಚಟದ ಮನುಷ್ಯ."

"ನಾ ತಿನ್ನಂಗಿಲ್ರಿ," ಎಂದ ಮುರ್ತುಜ.

"ನೀನ ಹೇಳಿದ್ದಲ್ಲಪಾ ಇದು."

"ಹೇಳಿದ್ದು ಖರೆ ಐತ್ರಿ. ತಿನ್ನಂಗಿಲ್ಲ."

"ಹಂಗಾರ ಅವತ್ತ ನುಂಗಿದ್ದೇನು?"

ಮುರ್ತುಜನ ಬಾಯಿಯ ಒಳಗೆ ಅಂಗುಳಿಗೆ ಏನೋ ಹತ್ತಿಕೊಂಡಂತಾಯಿತು. ಆ ದಿನ ಹಳ್ಳದ ದಂಡೆಯಲ್ಲಿ ಅಬಕಾರಿಯ ಸಿಪಾಯಿ ಕೂಗಿದಾಗ ಅವನ ರುಮಾಲಿನ ಮಡಿಕೆಯಲ್ಲಿ ಎಲೆಯಲ್ಲಿ ಕಟ್ಟಿದ ಹದಿನಾರು ಪೊಟ್ಟಣಗಳಿದ್ದವು, ಒಂದೊಂದರಲ್ಲಿ ಅರ್ಧ ತೊಲೆ. ಸೊಂಟದಲ್ಲಿ ಒಂದು ಚೀಟಿ ಇತ್ತು. ಓಣಿಯ ಹದಿನಾರು ಹೆಂಗಸರ ಹೆಸರುಗಳನ್ನು ತಪ್ಪಬಾರದೆಂದು ಅವನೇ ದುಂಡಗೆ ಬರೆದುಕೊಂಡ ಚೀಟಿ. ಒಬ್ಬ ಮನುಷ್ಯ ಎರಡು ತೊಲೆಯವರೆಗೆ ಹತ್ತಿರ ಇಟ್ಟುಕೊಳ್ಳಬಹುದು ಎಂಬುದು ಕಾನೂನು. ಹದಿನಾರು ಜನ ಅರ್ಧರ್ಧ ತೊಲೆ ಇಟ್ಟುಕೊಂಡರೆ ತಪ್ಪಿಲ್ಲ. ಹದಿನಾರು ಜನರದನ್ನು ಒಬ್ಬ ಹೊತ್ತರೆ ಜೈಲು. ಇದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೊರುತ್ತಿದ್ದನೇನೋ. ಸಿಪಾಯಿ ಹತ್ತು ಮಾರು ದೂರವಿದ್ದಾಗ ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಚೀಟಿ ಬಾಯಿಗೆ ಬಂತು. ಕಾಗದ ದಪ್ಪವಿತ್ತು. ಮೂರು ಸಲ ಅಗಿದು ನುಂಗಿದ. ಮಸಿಯ ಒಗರು ಗಂಟಲಲ್ಲಿ ಇಳಿಯಿತು. ಸಿಪಾಯಿ ಕಂಡದ್ದು ಇಷ್ಟು: ಕಳ್ಳ ಏನೋ ನುಂಗಿದ. ಕೋರ್ಟಿನಲ್ಲಿ ಏನು ನುಂಗಿದೆ ಎಂದು ಕೇಳಿದರು. ಕಾಗದ ಎಂದರೆ ಯಾವ ಕಾಗದ, ಏನಿತ್ತು, ಯಾರ ಹೆಸರು. ಅಫೀಮು ಎಂದ. ತಿನ್ನುತ್ತೀಯೇನು? ತಿನ್ನುತ್ತೇನೆ. ಎರಡು ಮಾತು. ಅದನ್ನೇ ಯಾರೋ ಈ ಪುಸ್ತಕದ ಬಲಗಡೆಯ ಕಾಲಮ್ಮಿನಲ್ಲಿ, ಅವನಿಗಿಂತ ಚಂದದ ಅಕ್ಷರದಲ್ಲಿ ಬರೆದಿದ್ದಾರೆ.

"ಸಾಹೇಬ್ರ," ಎಂದ. ತಾನು ಏನು ಹೇಳಲಿದ್ದೇನೆಂದು ಅವನಿಗೇ ತಿಳಿದಿರಲಿಲ್ಲ. "ತಿನ್ನವ ಒಂದ ದಿನ ಬಿಟ್ರ ಏನಾಕ್ಕಾನಂತ ನಿಮಗ ಗೊತ್ತೈತಿ. ನನ್ನ ಇಲ್ಲೇ ಕೂಡಿಸ್ರಿ. ಸಂಜಿತನಾ ನೋಡ್ರಿ. ಬೇಕಾದ್ರ ಒಳಗ ಹಾಕಿ ಕೀಲಿ ಹಾಕ್ರಿ."

ರಾಚಯ್ಯ ಚಾಳೀಸು ತೆಗೆದ. "ಒಳಗ ಹಾಕ್ರಿ ಅಂತ ಕೈ ಮುಗದು ಬಂದವನ್ನ ಈ ಚಾವಡ್ಯಾಗ ಇವತ್ತ ನೋಡಿದೆ," ಎಂದು ಹೊರಗಿನ ಸಿಪಾಯಿಗಳಿಗೆ ಕೇಳುವಂತೆ ಹೇಳಿದ. ಅವರು ನಕ್ಕರು. ಆದರೆ ರಾಚಯ್ಯನಿಗೆ ಮಾತು ರುಚಿಸಿತ್ತು. ಅವನ ಸೋದರಮಾವ ಅಫೀಮು ತಿನ್ನುತ್ತಿದ್ದವನಂತೆ. ಬೆಳಗಿನದು ತಪ್ಪಿದರೆ ಮಧ್ಯಾಹ್ನಕ್ಕೆ ಆಕಳಿಕೆ, ಆಮೇಲೆ ಕಣ್ಣು ಮೂಗಿನಲ್ಲಿ ನೀರು, ಸಂಜೆಗೆ ಮೈಮೇಲೆ ಮುಳ್ಳೆದ್ದು ನೆಲದಲ್ಲಿ ಹೊರಳುತ್ತಿದ್ದನಂತೆ. ಇದನ್ನೆಲ್ಲ ಅವನು ಒಳ್ಳೆಯ ಊಟದ ಬಗ್ಗೆ ಹೇಳುವವನಂತೆ ಹೇಳಿದ. ಆಮೇಲೆ ಒಬ್ಬ ಸಿಪಾಯಿಯನ್ನು ಕರೆದು ತಪಾಸು ಮಾಡಿಸಿದ. ಮುರ್ತುಜನ ರುಮಾಲು ಬಿಚ್ಚಿ ಉದ್ದಕ್ಕೆ ಹಾಸಿದರು. ಅಂಗಿಯ ತೋಳು ತಿರುವಿದರು. ಧೋತರದ ಕಚ್ಚೆ ಬಿಚ್ಚಿಸಿದರು; ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಬಾಯಿ ತೆರೆಯಲು ಹೇಳಿ ಸಿಪಾಯಿ ಒಂದು ಬೆರಳನ್ನು ದವಡೆಯ ಸುತ್ತ ಆಡಿಸಿ, ತೆಗೆದು, ಮೂಸಿ ನೋಡಿ, ಮುರ್ತುಜನ ಹೆಗಲಿಗೇ ಒರೆಸಿದ. ಬೆರಳು ಉಪ್ಪಾಗಿತ್ತು. ನನಗೆ ನಾಚಿಕೆಯಾಗಬೇಕು ಎಂದು ಮುರ್ತುಜ ಯೋಚಿಸಿದ. ಆ ಯೋಚನೆ ಇನ್ನೊಬ್ಬನದೆಂಬಂತೆ ಬಂದು ಹೋಯಿತು. ಕಚೇರಿ ಮುಚ್ಚುವವರೆಗೆ ಕಟ್ಟೆಯ ಮೇಲೆ ಕೂಡಬೇಕು, ನೀರು ಬಿಟ್ಟು ಏನೂ ಬಾಯಿಗೆ ಹಾಕಬಾರದು, ಎದ್ದರೆ ಸಿಪಾಯಿಗೆ ಹೇಳಿ ಏಳಬೇಕು ಎಂದು ರಾಚಯ್ಯ ಹುಕುಂ ಮಾಡಿದ. ಚೀಟಿ ಕೊಡುತ್ತೇನೆಂದು ಹೇಳಲಿಲ್ಲ. ಕೊಡುವುದಿಲ್ಲವೆಂದೂ ಹೇಳಲಿಲ್ಲ.

ಕೂತ. ಎದುರಿಗೆ ಕೋರ್ಟಿನ ಮುಂದಿನ ಬೇವಿನ ಮರ, ಅದರ ಕೆಳಗೆ ಅರ್ಜಿ ಬರೆಯುವವರ ಪೆಟ್ಟಿಗೆಗಳು. ಹೀಗೆ ಕೂಡುವುದನ್ನು ಜೈಲಿನಲ್ಲೇ ಕಲಿತದ್ದು. ಮೊದಲ ತಿಂಗಳು ಜಮಖಾನೆ ನೇಯುವ ಮಗ್ಗದಲ್ಲಿ ಕೈ ತಾನಾಗಿ ಓಡುತ್ತಿತ್ತು, ಇಳಕಲ್ಲಿನ ಕುಣಿಮಗ್ಗದಲ್ಲಿ ಓಡುತ್ತಿದ್ದಂತೆ. ದಪ್ಪ ನೂಲು, ಒರಟು ಬಣ್ಣ, ಆದರೂ ನೇಯ್ಗೆ. ಆಮೇಲೊಂದು ದಿನ ಲಾಳಿ ಒಗೆಯುತ್ತಿರುವ ಕೈ ತನ್ನದಲ್ಲವೆನಿಸಿತು. ಅದರಿಂದ ಕೆಲಸ ಕೆಡಲಿಲ್ಲ, ಇನ್ನೂ ಚಂದಾಯಿತು. ವಾರ್ಡರ ಹೊಗಳಿದ. ಬಿಡುಗಡೆಯಾಗಿ ಬಂದ ಮೇಲೆ ಆ ಕೈಯನ್ನು ಹೊಳಬಸಪ್ಪನ ಮುಂದೆ ಒಡ್ಡಿ ರೇಷ್ಮೆ ಕೇಳಿದ. ಹೊಳಬಸಪ್ಪ ಓಣಿಯ ಇಪ್ಪತ್ತು ಮಗ್ಗಗಳಿಗೆ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ಸಾಹುಕಾರ. ವಾರಕ್ಕೊಮ್ಮೆ ಅವನ ಸೀರೆಯ ಗಂಟನ್ನು ಹುನಗುಂದದ ಅಂಗಡಿಗೆ ಮುಟ್ಟಿಸುತ್ತಿದ್ದವನೇ ಮುರ್ತುಜ. ನಂಬಿಗೆಯ ಮಾತು, ಹೇಗೆ ಕೊಡಲಿ, ರೇಷ್ಮೆ ಮನೆಗೆ ಒಯ್ಯುವಂಥದ್ದು, ನಾಳೆ ಚಟಕ್ಕೆ ಮಾರಿಕೊಂಡರೆ, ಎಂದು ಹೊಳಬಸಪ್ಪ ಬೇರೆ ಯಾರ ಬಗ್ಗೆಯೋ ಮಾತಾಡುವವನಂತೆ ಗೋಡೆ ನೋಡುತ್ತ ಹೇಳಿದ್ದ. ಅವನ ಹೆಂಡತಿ ಶಿವಲಿಂಗವ್ವನ ಹೆಸರು ನುಂಗಿದ ಚೀಟಿಯಲ್ಲಿ ಆರನೆಯದಾಗಿತ್ತು.

ಇಳಕಲ್ಲಿನ ಅಫೀಮಿನ ಅಂಗಡಿಯನ್ನು ಆ ವರ್ಷ ಲಿಲಾವಿನಲ್ಲಿ ಯಾರೂ ಹಿಡಿಯದೆ ಬಾಗಿಲು ಹಾಕಿತ್ತು. ತೆರೆದಿದ್ದಾಗಲೂ ಗಾಂಜಾ ಸೇದುವವರು ಕೂಡುವ ಅಲ್ಲಿಗೆ ಮನೆಯ ಹೆಂಗಸರು ಹೋಗುವಂತಿರಲಿಲ್ಲ. ಆದರೆ ಕೂಸಿಗೆ ಗುಳಿಗೆ ಬೇಕು. ಸಾಸಿವೆಯಷ್ಟು ಅಫೀಮನ್ನು ಎದೆಹಾಲಿನಲ್ಲಿ ತೇಯ್ದು ಬಾಯಿಗೆ ಒರೆಸಿದರೆ ಕೂಸು ತೊಟ್ಟಿಲಲ್ಲಿ ಮಧ್ಯಾಹ್ನದವರೆಗೆ ಮಲಗುತ್ತದೆ. ತಾಯಿ ಕಂಡಿಕೆ ಸುತ್ತುತ್ತಾಳೆ, ಹಾಸು ಹೂಡುತ್ತಾಳೆ, ಗಂಡನ ಮಗ್ಗ ನಿಲ್ಲುವುದಿಲ್ಲ. ಓಣಿಯಲ್ಲಿ ಎಲ್ಲರ ತಾಯಂದಿರೂ ಹೀಗೆಯೇ ಮಾಡಿದವರು. ಗಂಡಸರಿಗೆ ಗೊತ್ತಿತ್ತು, ಮತ್ತು ಗೊತ್ತಿರಲಿಲ್ಲ. ಹೇಗೂ ಹುನಗುಂದಕ್ಕೆ ಹೋಗುತ್ತಾನೆ, ಅಲ್ಲಿಯ ಅಂಗಡಿಯಿಂದ ತರಲಿ ಎಂದು ಮೊದಲು ಒಬ್ಬಳು ಹೇಳಿದಳು, ವರ್ಷದಲ್ಲಿ ಹದಿನಾರಾಯಿತು. ಅವನು ಒಂದು ಕಾಸು ಲಾಭ ನೋಡಲಿಲ್ಲ. ಲಾಭ ನೋಡಿದ್ದರೆ ಈಗ ಇಷ್ಟು ಯೋಚನೆ ಇರುತ್ತಿರಲಿಲ್ಲವೇನೋ. ಗರತಿಯರ ಹೆಸರನ್ನು ಭರ್ತಿ ಕೋರ್ಟಿನಲ್ಲಿ ಬೇಲೀಫ ಕೂಗಬಾರದು, ಅದಕ್ಕೇ ನುಂಗಿದೆ ಎಂದು ಅವನು ಜೈಲಿನಲ್ಲಿ ದಿನಾಲೂ ಹೇಳಿಕೊಳ್ಳುತ್ತಿದ್ದ. ಮೂರನೆಯ ತಿಂಗಳಿಗೆ ಇನ್ನೊಂದು ದನಿ ಬಂತು. ಆ ಚೀಟಿ ಸಿಕ್ಕಿದ್ದರೆ ಹದಿನಾರು ಗಿರಾಕಿಗಳಿಗೆ ಮಾರುವವ ಎಂದು ಎರಡು ವರ್ಷ ಹಾಕುತ್ತಿದ್ದರು, ಹೌದಲ್ಲೋ, ನೀನು ನುಂಗಿದ್ದು ಯಾರಿಗಾಗಿ? ಕೈ ಸೊಂಟಕ್ಕೆ ಹೋದ ಆ ಗಳಿಗೆಯಲ್ಲಿ ಯಾವ ಯೋಚನೆ ಇತ್ತೆಂದು ಅವನು ಎಷ್ಟೋ ಸಲ ಹಿಂದಕ್ಕೆ ಹೋಗಿ ನೋಡಿದ್ದಾನೆ. ಅಲ್ಲಿ ಯೋಚನೆ ಏನೂ ಇಲ್ಲ. ಬರಿ ಹಳ್ಳದ ನೀರು, ಸಿಪಾಯಿಯ ಕೆಂಪು ಪಟ್ಟಿ, ಬಾಯಲ್ಲಿ ಕಾಗದ.

ಅವನು ಜೈಲಿಗೆ ಹೋದ ವಾರ ಓಣಿಯಲ್ಲಿ ಯಾರೂ ನಿದ್ದೆ ಮಾಡಲಿಲ್ಲವಂತೆ. ಹದಿನೈದು ಮನೆಯ ಕೂಸುಗಳು ಹಗಲೂ ರಾತ್ರಿ ಒಂದೇ ಸಮನೆ ಅತ್ತವಂತೆ. ಇದನ್ನು ಅವನಿಗೆ ಹೇಳಿದವಳು ಆ ಹದಿನಾರರಲ್ಲಿ ಒಬ್ಬಳಾದ ಸಾವಿತ್ರೆವ್ವ, ನಗುನಗುತ್ತ, ಜಾತ್ರೆಯ ಗದ್ದಲದ ಬಗ್ಗೆ ಹೇಳುವವಳಂತೆ. ನಗು ನಿಲ್ಲಿಸಿ, ಜೈನಬಿಯ ಕೂಸು ಐದನೆಯ ದಿನ ಹೋಯಿತು ಎಂದಳು. ಗುಳಿಗೆ ಬರದೆ ಹೋಯಿತೋ, ಅದಕ್ಕೂ ಮೊದಲು ಬಂದ ಗುಳಿಗೆಗಳಿಂದ ಹೋಯಿತೋ, ಅವಳು ಹೇಳಲಿಲ್ಲ. ಯಾರಿಗೆ ಗೊತ್ತು. ಬಂದ ಗುಳಿಗೆ, ಬರದ ಗುಳಿಗೆ, ಎರಡೂ ಅವನ ರುಮಾಲಿನಲ್ಲೇ ಇದ್ದವು. ಈಗ ಜೈನಬಿ ದಾರಿಯಲ್ಲಿ ಎದುರಾದರೆ ಸೆರಗು ಎಳೆದುಕೊಂಡು ಬದಿಗೆ ನಿಲ್ಲುತ್ತಾಳೆ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ತನ್ನ ಹೆಸರು ಉಳಿಸಿದವನು ಎಂಬ ಮರ್ಯಾದೆ. ಅದನ್ನು ನೋಡಿದಾಗ ಓಡಿಹೋಗಬೇಕೆನಿಸುತ್ತಿತ್ತು ಮೊದಮೊದಲು. ಈಗ ಅದೂ ಇಲ್ಲ.

ಬಿಸಿಲು ಎದೆಗೆ ಬಂತು, ದಾಟಿ ಹೋಯಿತು. ಕೋರ್ಟಿನಿಂದ ಹೊಳಬಸಪ್ಪ ಹೊರಬಿದ್ದ. ಯಾವುದೋ ಹಿಸ್ಸೆಯ ಖಟ್ಲೆಗೆ ಬಂದಿದ್ದಾನೆ. ಕೈಯಲ್ಲಿ ಕೊಡೆ, ಹಿಂದೆ ವಕೀಲ. ಕಟ್ಟೆಯ ಮೇಲಿನವನನ್ನು ಕಂಡೂ ನೋಡದಂತೆ ನಾಲ್ಕು ಹೆಜ್ಜೆ ಹೋದ. ಆಮೇಲೆ ಏನನ್ನಿಸಿತೋ ವಕೀಲನನ್ನು ಕಳಿಸಿ ತಿರುಗಿ ಬಂದ. ಮುರ್ತುಜ ಸಿಪಾಯಿಯ ಕಡೆ ನೋಡಿ ಅಪ್ಪಣೆ ಪಡೆದು ಎದ್ದು ನಿಂತ. ಮತ್ತೇನು ಮಾಡಿಕೊಂಡೆಯೋ ಎಂದು ಹೊಳಬಸಪ್ಪ ಕೇಳಿದ. ಮುರ್ತುಜ ಟಪಾಲಿನ ಕೆಲಸದ ವಿಷಯ ಹೇಳಿದ, ಷರಾದ ವಿಷಯ ಹೇಳಿದ. ಹೇಳುವಾಗ ಸಾಹುಕಾರನ ಮುಖ ನೋಡಿದ. ಇವನೊಬ್ಬ ಒಳಗೆ ಹೋಗಿ ಒಂದು ಮಾತು ಹೇಳಿದರೆ ಸಾಕು. ಹುನಗುಂದದಲ್ಲಿ ಹೊಳಬಸಪ್ಪನ ಮಾತಿಗೆ ತೂಕವಿದೆ. ಯಾರ ಹೆಸರೂ ಬೇಡ. ಈ ಹುಡುಗ ತಿನ್ನುವವನಲ್ಲ, ಇಷ್ಟೇ. ಹೊಳಬಸಪ್ಪ ಕೊಡೆಯ ತುದಿಯಿಂದ ಮಣ್ಣು ಕೆದರುತ್ತ ನಿಂತ. ನೋಡೋಣ ತಡಿ ಎಂದು ಒಳಗೆ ಹೋದ. ಕಿಟಕಿ ತೆರೆದಿತ್ತು. ಮೊದಲು ಹವಾಮಾನದ ಮಾತು, ಜೋಳದ ಮಾತು. ಆಮೇಲೆ ಅವನ ದನಿ ತಗ್ಗಿತು, ಆದರೂ ಕೇಳಿಸಿತು.

"ಹುಡುಗ ಕೆಟ್ಟವ ಅಲ್ರಿ ರಾಚಯ್ಯನವರ. ಆದ್ರ ಏನ ತಿಂತಾನ, ಏನ ಬಿಡ್ತಾನ, ಮಂದಿ ಬಾಯಾಗ ಕೈ ಹಾಕಿ ನೋಡಾಕ ಬರ್ತೈತೇನ್ರಿ?"

ಹೊರಗೆ ಬಂದವನು ಅಂಗಿಯ ಕಿಸೆಯಿಂದ ಎರಡು ಬಾಳೆಹಣ್ಣು ತೆಗೆದು ಮುರ್ತುಜನ ಪಕ್ಕದಲ್ಲಿಟ್ಟ. "ಹೇಳೇನಿ," ಎಂದ. ಎರಡು ಹೆಜ್ಜೆ ಹೋಗಿ ನಿಂತು, ತಿರುಗದೆ, "ಮನ್ಯಾಗ ಶಿವಲಿಂಗವ್ವ ನಿನ್ನ ಭಾಳ ನೆನಸ್ತಾಳ," ಎಂದು ಹೊರಟುಹೋದ. ಬಾಯಿಗೆ ಏನೂ ಹಾಕುವಂತಿರಲಿಲ್ಲ. ಹಣ್ಣು ಅಲ್ಲೇ ಇದ್ದವು. ಮೊದಲು ಒಂದು ನೊಣ ಬಂತು, ಆಮೇಲೆ ಐದಾರು. ಹಣ್ಣಿನ ಮೇಲಿಂದ ಎದ್ದು ಅವನ ತುಟಿಯ ಮೂಲೆಗೆ ಬಂದು ಕೂತವು. ಓಡಿಸಬೇಕು ಎಂದುಕೊಂಡ. ಕೈ ಏಳಲು ಬಹಳ ದೂರ ಬರಬೇಕಾದಂತೆ ಅನ್ನಿಸಿ, ಬಿಟ್ಟ. ಸಿಪಾಯಿಗಳು ಪಂಥ ಕಟ್ಟಿದ್ದರು. ಮಧ್ಯಾಹ್ನಕ್ಕೆ ಆಕಳಿಸುತ್ತಾನೆ ಎಂದವನು ಸೋತು, ಈಗ ಮೂಗು ಸೋರುತ್ತದೆ ಎಂದು ಮತ್ತೆ ಕಟ್ಟಿದ. ಒಬ್ಬ ಹತ್ತಿರ ಬಂದು ಬಗ್ಗಿ ಮೂಗಿನ ಹೊಳ್ಳೆ ನೋಡಿ ಹೋದ. ಒಣಗಿತ್ತು. ಗೆಲ್ಲುತ್ತಿದ್ದೇನೆ ಎಂಬ ಅರಿವು ಮುರ್ತುಜನಿಗೆ ನಿಧಾನವಾಗಿ ಬಂತು. ಟಪಾಲಿನವನ ಕೆಂಪು ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ, ತನ್ನ ಕೈಯಲ್ಲಿ ಭರ್ಚಿ, ಬಾದಾಮಿಯಿಂದ ಬರುವ ಚಕ್ಕಡಿಯಲ್ಲಿ ಅಲೀಮಾ. ಅವಳು ಇಳಿಯುವುದು ಕಂಡಿತು, ಮುಖ ಕಾಣಲಿಲ್ಲ. ಮುಖ ಹಾಕಲು ಪ್ರಯತ್ನಿಸಿದ, ಬರಲಿಲ್ಲ.

ಕಚೇರಿ ಮುಚ್ಚುವ ಹೊತ್ತಿಗೆ ರಾಚಯ್ಯ ಹೊರಗೆ ಬಂದು ಅವನೆದುರು ಕುಕ್ಕರುಗಾಲಲ್ಲಿ ಕೂತ. ಕಣ್ಣಿನ ರೆಪ್ಪೆ ಎಳೆದು ನೋಡಿದ. ತೋಳಿನ ಕೂದಲು ನಿಂತಿವೆಯೇ ನೋಡಿದ. ನೋಡುತ್ತ ನೋಡುತ್ತ ಅವನ ಮುಖದಲ್ಲಿ ಬೆಳಗಿನ ಚೇಷ್ಟೆ ಹೋಗಿ, ಲೆಕ್ಕ ತಪ್ಪಿದ ಗುಮಾಸ್ತನ ಬೇಸರ ಬಂತು.

"ಮುಂಜಾನಿಂದ ಕೂತಿ. ಆಕಳಿಸಲಿಲ್ಲ, ಖರೆ. ಆದ್ರ ಹಸಿವಿ ಅನ್ನಲಿಲ್ಲ, ಬಿಸಲಾತು ಅನ್ನಲಿಲ್ಲ. ಬಾಯಿ ಮ್ಯಾಲೆ ನೊಣ ಕೂತ್ರ ಹೊಡಕೊಳ್ಳಲಿಲ್ಲ. ತಿನ್ನದವ ಹಿಂಗ ಕೂಡ್ತಾನೇನು? ನಮ್ಮ ಮಾವ ತಿಂದಾಗ ಹಿಂಗ ಕೂಡ್ತಿದ್ದ."

ಮುರ್ತುಜ ಬಾಯಿ ತೆರೆದ. ಹೇಳಲು ಏನೋ ಇತ್ತು. ಎರಡು ವರ್ಷದಿಂದ ಹೀಗೆಯೇ ಇದ್ದೇನೆ, ತಿನ್ನದೆಯೇ ಹೀಗಾಗಿದ್ದೇನೆ ಎಂದು. ಅದನ್ನು ಹೇಳಿದರೆ ಏನು ಬರೆದುಕೊಳ್ಳುತ್ತಾರೆ ಎಂಬುದು ಹೊಳೆದು ಮುಚ್ಚಿದ. ರಾಚಯ್ಯನಿಗೂ ಅವನನ್ನು ಹಾಗೇ ಕಳಿಸಲು ಮನಸ್ಸಿರಲಿಲ್ಲ. ಇಡೀ ದಿನ ಕೂಡಿಸಿದ ಮುಲಾಜು ಇರಬೇಕು. ಸಿಪಾಯಿಗಳನ್ನು ದೂರ ಕಳಿಸಿ, ಮಗ್ಗುಲಿಗೆ ಸರಿದು, ಮೆಲ್ಲಗೆ ಹೇಳಿದ. "ನೀ ಹೊತ್ತಿದ್ದು ನಿಂದಲ್ಲಂತ ನನಗೂ ಅನಸ್ತೈತಿ. ಒಂದ ಹೆಸರ ಹೇಳು. ಯಾರಿಗೆ ಒಯ್ಯಾಕ ಹತ್ತಿದ್ದಿ? ಒಂದ ಸಾಕು. ಅದನ್ನ ಬಾಜೂಕ ಬರದು, ಇವ ತಿನ್ನವ ಅಲ್ಲ, ಬ್ಯಾರೇದವರಿಗೆ ಒಯ್ಯಾಂವಾ ಅಂತ ಹಾಕ್ತೇನಿ. ಚೀಟಿ ಕೊಡ್ತೇನಿ."

ಹೆಸರುಗಳು ಬಂದವು. ನುಂಗಿದ ಚೀಟಿಯಲ್ಲಿ ಬರೆದ ಕ್ರಮದಲ್ಲೇ ಬಂದವು, ಪಕ್ಕದಲ್ಲಿ ಅರ್ಧ, ಅರ್ಧ, ಅರ್ಧ ಎಂದು ಬರೆದದ್ದೂ ಕಂಡಿತು. ಸಾವಿತ್ರೆವ್ವನ ಮಗಳ ಸಂಬಂಧ ಗುಳೇದಗುಡ್ಡದಲ್ಲಿ ಕೂಡಿಬಂದಿದೆ; ಈಗ ಪೊಲೀಸ ಸಿಪಾಯಿ ಓಣಿಗೆ ಬಂದು ಹೆಸರು ಕೇಳಿದರೆ ಮುರಿಯುತ್ತದೆ. ಗುರುಲಿಂಗವ್ವನ ಗಂಡ ಹೊಡೆಯುವವನು. ಶಿವಲಿಂಗವ್ವ. ಆ ಹೆಸರು ನಾಲಗೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಬಾಳೆಹಣ್ಣು ಇನ್ನೂ ಪಕ್ಕದಲ್ಲೇ ಇತ್ತು. ಆದರೆ ಸಾಹುಕಾರನ ಹೆಂಡತಿಯ ಹೆಸರನ್ನು ರಾಚಯ್ಯ ಬರೆಯುವುದಿಲ್ಲ, ಬರೆದರೂ ಹರಿಯುತ್ತಾನೆ. ಕಳೆದುಕೊಳ್ಳಲು ಇನ್ನೇನೂ ಇಲ್ಲದವಳು ಬೇಕು. ಹೀಗೆ ಅವನು ಎಣಿಸುತ್ತಿದ್ದ, ಸಂತೆಯಲ್ಲಿ ಅಗ್ಗದ್ದನ್ನು ಹುಡುಕುವವನಂತೆ. ಜೈನಬಿ ಎಂದು ಮನಸ್ಸು ಹೇಳಿತು. ಕೂಸು ಸತ್ತಿದೆ, ಗಂಡ ಸೊಲ್ಲಾಪುರದ ಗಿರಣಿಗೆ ಹೋಗಿ ತಿರುಗಿ ಬಂದಿಲ್ಲ. ಜೈನಬಿಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ತುಟಿ ಆ ಹೆಸರಿಗೆ ಸಿದ್ಧವಾದದ್ದು ಅವನಿಗೆ ಗೊತ್ತಾಯಿತು, ಮುಳ್ಳು ಗೊತ್ತಾಗದವನಿಗೆ, ಬಿಸಿಲು ಗೊತ್ತಾಗದವನಿಗೆ. ದಾರಿಯ ಬದಿಗೆ ನಿಂತು ಸೆರಗು ಎಳೆದುಕೊಳ್ಳುವ ಅವಳ ಕೈ ಕಂಡಿತು. ಎರಡು ವರ್ಷದಲ್ಲಿ ಮೊದಲ ಸಲ ಏನೋ ಅನ್ನಿಸಿತು, ಅದು ತನ್ನ ಮೇಲಿನ ಹೇಸಿಕೆ. ಹದಿನಾರರಲ್ಲಿ ಕೂಸಿಗಾಗಿ ಅಲ್ಲದ್ದು ಒಂದೇ ಇತ್ತು, ಚೀಟಿಯಲ್ಲಿ ಎಲ್ಲಕ್ಕಿಂತ ಮೇಲಿನದು.

"ಬಿಬಿಜಾನ," ಎಂದ.

"ಯಾರಕಿ?"

"ನಮ್ಮ ತಾಯಿರಿ. ಆಕಿ ತಿಂತಾಳ. ಕೀಲಬ್ಯಾನಿಗೆ. ನಮ್ಮಪ್ಪ ತೀರಿಕೊಂಡಾಗಿಂದ ತಿಂತಾಳ."

ರಾಚಯ್ಯ ಒಳಗೆ ಹೋದ. ದೌತಿಯಲ್ಲಿ ಟಾಕು ಅದ್ದಿ ಷರಾದ ಕಾಲಮ್ಮಿನಲ್ಲಿ ಉಳಿದ ಜಾಗದಲ್ಲಿ ಸಣ್ಣಗೆ ಬರೆದ. ವಯಸ್ಸು ಕೇಳಿದ, ಬರೆದ. ದಿನಕ್ಕೆ ಎಷ್ಟು ತಿನ್ನುತ್ತಾಳೆ ಎಂದು ಕೇಳಿದ, ಬರೆದ. ಮರಳು ಉದುರಿಸಿ, ಊದಿ, ತಾನು ಬರೆದದ್ದನ್ನು ಒಮ್ಮೆ ತುಟಿ ಅಲುಗಿಸಿ ಓದಿಕೊಂಡ. ಓದುವಾಗಲೇ ಅವನ ಹುಬ್ಬು ಗಂಟಾಯಿತು. ಇನ್ನೊಮ್ಮೆ ಮೇಲಿನಿಂದ ಓದಿದ. ಮಗನೂ ತಿನ್ನುತ್ತಾನೆಂದು ಮೇಲೆ ಇದೆ, ತಾಯಿಯೂ ತಿನ್ನುತ್ತಾಳೆಂದು ಕೆಳಗೆ ಇದೆ. ಮೇಲಿನದನ್ನು ಕೋರ್ಟು ಬರೆಸಿದ್ದು, ಅದನ್ನು ಹೊಡೆದುಹಾಕಲು ತನಗೆ ಅಧಿಕಾರವಿಲ್ಲ. ಹೊರಗಿನವಳ ಹೆಸರಾಗಿದ್ದರೆ ಒಯ್ಯುವವ ಎಂದು ಬರೆಯಬಹುದಿತ್ತು. ತಾಯಿ ತಿನ್ನುವ ಮನೆಯಲ್ಲಿ ಮಗ ಬೇರೆ ಎಂದು ತಾನು ಯಾವ ಆಧಾರದ ಮೇಲೆ ಚೀಟಿ ಕೊಡಲಿ? ಇದನ್ನೆಲ್ಲ ರಾಚಯ್ಯ ಖರೇನೇ ನೊಂದವನಂತೆ ಹೇಳಿದ. ಬರೆಯುವ ಮೊದಲು ನೆನಪಾಗಲಿಲ್ಲ ನೋಡು ಎಂದ. ರಿಜಿಸ್ಟರು ಮುಚ್ಚಿ, ಕಪಾಟಿನಲ್ಲಿಟ್ಟು, ನಾಲ್ಕು ವರ್ಷ ಹೋಗಲಿ, ಹೊಸ ಪುಸ್ತಕಕ್ಕೆ ಇಳಿಸುವಾಗ ಬಿಟ್ಟುಬಿಡೋಣ ಎಂದು ಸಮಾಧಾನ ಹೇಳಿ ಕೀಲಿ ಹಾಕಿದ.

ಟಪಾಲ ಕಚೇರಿಯ ಮುಂದೆ ಒಬ್ಬ ಎತ್ತರದ ಮನುಷ್ಯ ಹುಲ್ಲಪ್ಪನ ಭರ್ಚಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದ. ರಾಮಥಾಳದವನಿರಬೇಕು. ಮುರ್ತುಜ ಆ ಕಡೆಯ ಬದಿಯಿಂದ ದಾಟಿ ದಾರಿ ಹಿಡಿದ. ಎರೆಯ ಹೊಲಗಳು ಬಿರುಕು ಬಿಟ್ಟಿದ್ದವು. ಹಳ್ಳ ದಾಟುವಾಗ ನೀರು ಹಿಮ್ಮಡಿಗೆ ತಾಕಿ ಮುಳ್ಳು ಚುಚ್ಚಿದ ಜಾಗ ಚುರುಗುಟ್ಟಿತು. ಅವನು ನಡುನೀರಿನಲ್ಲಿ ನಿಂತು, ಇನ್ನೊಮ್ಮೆ ಚುರುಗುಟ್ಟುತ್ತದೆಯೇ ಎಂದು ಕಾದ. ಇಲ್ಲ.

ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಮನೆ ಮುಟ್ಟಿದ. ಬಿಬಿಜಾನ ಹೊಸ್ತಿಲಲ್ಲಿ ಕಾಲು ಚಾಚಿ ಕೂತು ರಾಟೆಯಲ್ಲಿ ಯಾರದೋ ನೂಲು ಸುತ್ತುತ್ತಿದ್ದಳು. ಹುಲ್ಲಪ್ಪನಿಗಿಂತ ಮೊದಲು ಬಂದೆಯಲ್ಲ ಎಂದಳು. ನಾಳೆ ಬೆಳಿಗ್ಗೆ ಬಾದಾಮಿಗೆ ಒಂದು ಚಕ್ಕಡಿ ಹೋಗುತ್ತದೆ, ಅಲೀಮಾಗೆ ಏನು ಹೇಳಿ ಕಳಿಸಲಿ ಎಂದು ಕೇಳಿದಳು. ಅವನು ಬಾಗಿಲಿಗೆ ಆತು ನಿಂತ.

"ಏನೂ ಹೇಳಬ್ಯಾಡ."

ರಾಟೆ ನಿಂತಿತು. ಮತ್ತೆ ತಿರುಗಿತು.

"ನಿನ್ನ ಹೆಸರ ಹೇಳಿಬಿಟ್ಟೆ ಅಮ್ಮಾ," ಎಂದ. "ಚಾವಡ್ಯಾಗ."

"ಬರಕೊಂಡ್ರೇನು?"

"ಬರಕೊಂಡ್ರು."

"ಏನಂತ?"

"ತಿಂತಾಳಂತ."

ಬಿಬಿಜಾನ ಹರಿದ ಎಳೆಯನ್ನು ಬೆರಳಿನ ತುದಿಯಲ್ಲಿ ಹಿಡಿದು, ಉಗುಳು ಹಚ್ಚಿ, ಗಂಟು ಕಾಣದಂತೆ ಹೊಸೆದು ಕೂಡಿಸಿದಳು. ಸಿಟ್ಟಾಗುತ್ತಾಳೆಂದು ಅವನು ಕಾದ, ಅಳುತ್ತಾಳೆಂದೂ ಕಾದ.

"ನಂದರ ಖರೆ ಬರದಾರ, ಬಿಡು," ಎಂದಳು.

ಅವನು ಕಾಲು ತೊಳೆಯಲು ಹಿತ್ತಲಿಗೆ ಹೋದ.